ಮೊಬೈಲಿಗೆ ಇಸ್ತ್ರಿ

ಜಿಪ್ಪಣ್ಣ ತನ್ನ ಮೊಬೈಲಿಗೆ ಇಸ್ತ್ರಿ ಹಾಕಿದ್ದು ಬೆಳಿಗ್ಗೆ ಸರಿಯಾಗಿ ಒಂಬತ್ತೂಕಾಲಿಗೆ. ಬೇಕೆಂದೇ ಹಾಕಿದ್ದಲ್ಲ. ನೀಲಿ ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ನೀರು ಚಿಮುಕಿಸಿ, ಕಾದ ಇಸ್ತ್ರಿಪೆಟ್ಟಿಗೆಯನ್ನು ಎಡಗಡೆಯಿಂದ ಒತ್ತಿಕೊಂಡು ಬರುತ್ತಿದ್ದ. ನಡುವೆ ಒಂದು ಕಡೆ ಬಟ್ಟೆ ಉಬ್ಬಿಕೊಂಡಿತ್ತು. ಹೊಸ ಬಟ್ಟೆಗೆ ಮೊದಮೊದಲು ಹೀಗೇ ಹಟವಿರುತ್ತದೆ ಎಂದುಕೊಂಡು ಇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ, ಮೇಲೆ ಎರಡೂ ಕೈ ಊರಿ, ಹತ್ತು ಎಣಿಸುವವರೆಗೆ ಒತ್ತಿದ. ಚಟ್ ಎಂದು ಸದ್ದಾಯಿತು. ಬಟ್ಟೆ ಎತ್ತಿ ನೋಡಿದರೆ ಕೆಳಗೆ ಮೊಬೈಲು, ಮೈಯೆಲ್ಲ ಬಿರುಕು ಬಿಟ್ಟು, ಬೆನ್ನು ಬಾಗಿಸಿಕೊಂಡು ಮಲಗಿತ್ತು.

ಅವನಿಗೆ ಜಿಪ್ಪಣ್ಣ ಎಂದು ಹೆಸರು ಬಂದದ್ದು ಜಿಪ್ಪು ಹಾಕಿ ಹಾಕಿ. ಕೋಟು, ಶರಾಯಿ, ಗೌನು ಎಲ್ಲ ಹೊಲಿಯಲು ಕಲಿತವನೇ. ಆದರೆ ಅಂಗಡಿಯ ಬೋರ್ಡಿನ ಮೇಲೆ ‘ಬಟ್ಟೆ ರಿಪೇರಿ ಮಾಡಲಾಗುವುದು’ ಎಂದು ಬರೆಸಿದ ಗಳಿಗೆ ಎಂಥದೋ, ಹದಿನಾಲ್ಕು ವರ್ಷದಿಂದ ಊರಿನವರು ಹರಿದದ್ದನ್ನು ಮಾತ್ರ ತಂದುಕೊಟ್ಟರು. ಹೊಸ ಬಟ್ಟೆ ಕತ್ತರಿಸುವ ಭಾಗ್ಯ ಅವನ ಕತ್ತರಿಗೆ ಒದಗಲೇ ಇಲ್ಲ. ಒದಗಿದ್ದು ನಿನ್ನೆ.

ನಿನ್ನೆ ಅಗ್ನಿಶಾಮಕ ದಳದ ಬ್ಯಾಂಡ್ ಮಾಸ್ಟರ್ ತಾವಾಗಿಯೇ ಅಂಗಡಿಗೆ ಬಂದಿದ್ದರು. ಮಾದರಿಗೆ ತಮ್ಮದೊಂದು ಕೋಟು ಹೊಲಿಯಬೇಕು. ಇವತ್ತು ಸಂಜೆ ಐದಕ್ಕೆ ಬಂದು ತೊಟ್ಟು ನೋಡುತ್ತಾರೆ. ಹಿಡಿಸಿದರೆ ಇಡೀ ಬ್ಯಾಂಡಿನ ಕೋಟುಗಳ ಕೆಲಸ ಜಿಪ್ಪಣ್ಣನಿಗೆ. ಆದರೆ ಆರಡಿ ಎತ್ತರದ, ಗುಂಗುರು ಮೀಸೆಯ ಆ ಮನುಷ್ಯನಿಗೆ ವಿಪರೀತ ಕಚಗುಳಿ. ಟೇಪು ಮೈಗೆ ತಾಗುವುದೇ ತಡ, ಮೀಸೆ ಕುಣಿಸುತ್ತಾ, ಕಿಸಕಿಸ ನಗುತ್ತಾ ಅಂಗಡಿಯೆಲ್ಲ ಓಡಾಡಿದರು. ಕೊನೆಗೆ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಶಿಕ್ಷೆ ಅನುಭವಿಸುವವರ ಹಾಗೆ ನಿಂತರು. ಅಳತೆ ಮುಗಿಯಲು ನಲವತ್ತು ನಿಮಿಷ ಹಿಡಿಯಿತು.

“ನೋಡಿ,” ಎಂದಿದ್ದರು ಹೋಗುವಾಗ, ಕಣ್ಣೊರೆಸಿಕೊಂಡು. “ಹೋದ ಸಲದ ಟೈಲರ್ ಅಳತೆ ಕಳ್ಕೊಂಡು ಎರಡನೇ ಸಲ ಟೇಪು ಹಿಡ್ಕೊಂಡು ಬಂದ. ಅವತ್ತೇ ಅವನಿಗೂ ನಮಗೂ ಸಂಬಂಧ ಮುಗೀತು. ನನ್ನ ಮೈಗೆ ಟೇಪು ಒಂದೇ ಸಲ.”

ಜಿಪ್ಪಣ್ಣನ ಎರಡೂ ಕೈ ಟೇಪು ಹಿಡಿದಿರುತ್ತವೆ. ಬರೆದುಕೊಳ್ಳಲು ಮೂರನೇ ಕೈ ಇಲ್ಲ. ಹಾಗಾಗಿ ಅಳತೆಯನ್ನೆಲ್ಲ ಗಟ್ಟಿಯಾಗಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಅವನ ಪದ್ಧತಿ. “ಒಂದು ಪುಸ್ತಕದಲ್ಲಿ ಬರ್ಕೊಳ್ಳೋಕೆ ಏನು ಕಷ್ಟ ನಿಮಗೆ?” ಎಂದು ಹೆಂಡತಿ ಕೇಳಿದ್ದಕ್ಕೆ, “ನೀನು ಇನ್ನೂ ಯಾವ ಕಾಲದಲ್ಲಿದ್ದೀಯ?” ಎಂದು ನಕ್ಕಿದ್ದ. ಈಗ ಅವನಿಗೆ ನಗು ಬರಲಿಲ್ಲ. ಬಾಗಿದ ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಓಡಿದ.

ಎರಡು ಬಾಗಿಲು ಆಚೆಗೆ ಮೊಬೈಲ್ ರಿಪೇರಿ ಅಂಗಡಿ. ಅಂಗಡಿಯಾಕೆ ಚೂಟಿ ಹೆಂಗಸು. ಎಂಥ ಕೆಟ್ಟ ಸುದ್ದಿಯನ್ನೂ ನಗುನಗುತ್ತಾ ಹೇಳುವವಳು. ಮೊಬೈಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

“ಇದನ್ನ ಏನು ಮಾಡಿದ್ರಿ ಜಿಪ್ಪಣ್ಣ?”

“ಇಸ್ತ್ರಿ.”

“ಚೆನ್ನಾಗೇ ಆಗಿದೆ. ಒಂದು ಸುಕ್ಕೂ ಇಲ್ಲ.”

“ತಮಾಷೆ ಬೇಡ ತಾಯಿ. ಇದರೊಳಗಿರೋದು ನನ್ನ ಜೀವ. ಬದುಕುತ್ತಾ?”

“ಇದು ಬದುಕಲ್ಲ. ಆದ್ರೆ ನೀವು ಗಾಬರಿ ಆಗಬೇಡಿ. ಬ್ಯಾಕಪ್ ಆನ್ ಮಾಡಿಟ್ಟಿದ್ರಾ?”

ಮಾಡಿಟ್ಟಿದ್ದ. ಅಂದರೆ, ಮೊಬೈಲು ಕೊಂಡ ದಿನ ಏನೇನೋ ಕೇಳಿದ್ದಕ್ಕೆಲ್ಲ ‘ಹೌದು, ಹೌದು’ ಎಂದು ಒತ್ತಿದ್ದ. ಅದರಲ್ಲಿ ಇದೂ ಒಂದಿರಬೇಕು.

“ಹಾಗಾದ್ರೆ ಮುಗೀತು. ಇನ್ನೊಂದು ಮೊಬೈಲ್ ಕೊಡಿ, ಎಲ್ಲಾ ವಾಪಸ್ ಇಳಿಸಿ ಕೊಡ್ತೀನಿ. ಸಿಮ್ ಬದುಕಿದೆ, ಅಷ್ಟು ಸಾಕು.”

ಎಲ್ಲಾ! ಆ ಒಂದು ಮಾತಿಗೆ ಜಿಪ್ಪಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಷ್ಟು ಹೊತ್ತಿಗೆ ಪಕ್ಕದ ಕನ್ನಡಕದಂಗಡಿಯಾತನೂ ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಕ್ಕಪಕ್ಕದವರ ಕಷ್ಟವನ್ನು ನಿಂತು ನೋಡಿ, ಕೇಳದೆಯೇ ಸಲಹೆ ಕೊಡುವುದು ಆತನ ಅಭ್ಯಾಸ.

“ಹೆಂಡತಿ ಮೊಬೈಲ್ ಈಸ್ಕೊಳ್ಳಿ. ಮನೆಯವರದ್ದಾದ್ರೆ ತೊಂದರೆ ಇಲ್ಲ ನೋಡಿ,” ಎಂದ.

ಹೆಂಡತಿ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಸ್ವಾಗತದ ಮೇಜಿನ ಕೆಲಸದಲ್ಲಿದ್ದಳು. ಜಿಪ್ಪಣ್ಣ ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದ: ಅಳತೆಯ ಮಾತು ಎತ್ತುವುದೇ ಬೇಡ. ಎತ್ತಿದರೆ ಪುಸ್ತಕದ ಮಾತು ಬರುತ್ತದೆ. ಪುಸ್ತಕದ ಮಾತು ಬಂದರೆ ಅದು ಈ ಜನ್ಮಕ್ಕೆ ಮುಗಿಯುವುದಿಲ್ಲ.

“ನಿನ್ನ ಮೊಬೈಲ್ ಸ್ವಲ್ಪ ಕೊಡು. ನಂದು ಕೆಟ್ಟಿದೆ. ಗಿರಾಕಿಗಳ ನಂಬರೆಲ್ಲ ಬೇಕು.”

“ಕೆಟ್ಟಿದೆ ಅಂದ್ರೆ?”

“ಸ್ವಲ್ಪ... ಬಿಸಿಯಾಯ್ತು.”

“ನನ್ನದರಲ್ಲಿರೋದಕ್ಕೆ ಏನೂ ಆಗಲ್ಲ ತಾನೇ?”

“ಅದನ್ನ ಪೂರ್ತಿ ಅಳಿಸಿದ ಮೇಲೇ ನಂದು ಇಳಿಸೋಕಾಗೋದಂತೆ. ಆದ್ರೆ ನಿಂದೂ ಬ್ಯಾಕಪ್ ಇದೆಯಲ್ಲ. ಸಂಜೆ ವಾಪಸ್ ಹಾಕಿ ಕೊಡ್ತಾರೆ.”

ಅವಳು ಅವನ ಮುಖವನ್ನೇ ಒಂದು ಕ್ಷಣ ನೋಡಿದಳು. ಗಂಡನ ಮಾತಿನಲ್ಲಿ ಎಲ್ಲೋ ಹೊಲಿಗೆ ಬಿಟ್ಟಿದೆ ಎಂದು ಅವಳಿಗೆ ಅನಿಸಿರಬೇಕು. ಆದರೆ ಒಳಗಿನಿಂದ ಡಾಕ್ಟರು ಕರೆದರು. ಮೊಬೈಲು ಕೊಟ್ಟು ಹೊರಟುಹೋದಳು.

ರಿಪೇರಿಯಾಕೆ ಅದನ್ನು ಅಳಿಸಿ ಹೊಸದರ ಹಾಗೆ ಮಾಡಿದಳು. ಜಿಪ್ಪಣ್ಣನ ಸಿಮ್ ಹಾಕಿದಳು. ಆಮೇಲೆ, “ಪಾಸ್‌ವರ್ಡ್ ಹೇಳಿ,” ಎಂದಳು.

ಜಿಪ್ಪಣ್ಣನ ಕಿವಿ ಕೆಂಪಗಾಯಿತು. “ನಾನೇ ಒತ್ತುತ್ತೀನಿ, ಕೊಡಿ.”

“ನಾವೇನು ಕದ್ದುಕೊಂಡು ಹೋಗ್ತೀವಾ?” ಎಂದ ಕನ್ನಡಕದಂಗಡಿಯಾತ, ಕುತ್ತಿಗೆಯನ್ನು ಇನ್ನಷ್ಟು ಉದ್ದ ಮಾಡಿ. ಜಿಪ್ಪಣ್ಣ ಗೋಡೆಯ ಕಡೆ ತಿರುಗಿ, ಮೊಬೈಲನ್ನು ಎದೆಗವಚಿಕೊಂಡು ಒತ್ತಿದ. ಪರದೆಯ ಮೇಲೆ ಒಂದು ಗೆರೆ ನಿಧಾನವಾಗಿ ತುಂಬತೊಡಗಿತು.

ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಜಿಪ್ಪಣ್ಣ ಹೆರಿಗೆ ವಾರ್ಡಿನ ಹೊರಗೆ ನಿಂತವನ ಹಾಗೆ ಅಂಗಡಿಯಿಂದ ಬೀದಿಗೆ, ಬೀದಿಯಿಂದ ಅಂಗಡಿಗೆ ತಿರುಗಿದ. ಮನಸ್ಸಿನಲ್ಲಿ ಮಾತ್ರ ಇಡೀ ಬ್ಯಾಂಡೇ ನೀಲಿ ಕೋಟು ತೊಟ್ಟು ಸಾಲಾಗಿ ಹೋಗುತ್ತಿತ್ತು. ಬೋರ್ಡಿನಲ್ಲಿ ‘ರಿಪೇರಿ’ ಎಂಬುದನ್ನು ಅಳಿಸಿ ‘ಟೈಲರ್’ ಎಂದು ಬರೆಸಬೇಕು. ಅಕ್ಷರ ಹಳದಿಯೋ ಬಿಳಿಯೋ ಎನ್ನುವಲ್ಲಿಗೆ ಯೋಚನೆ ಬಂದು ನಿಂತಿತ್ತು.

“ಬಂತು!” ಎಂದಳು ರಿಪೇರಿಯಾಕೆ.

ಬಂದಿತ್ತು. ಮೊದಲು ಅವನ ದಪ್ಪ ಅಕ್ಷರ ಬಂತು. ಬೆಳಿಗ್ಗೆ ಐದೂಮುಕ್ಕಾಲರ ಅಲಾರಾಂ, ಆರರ ಅಲಾರಾಂ, ‘ಈಗಲಾದರೂ ಏಳು’ ಎಂಬ ಆರೂಕಾಲರ ಅಲಾರಾಂ ಬಂದವು. ಪರದೆಯ ಮೇಲಿನ ಹೊಲಿಗೆ ಯಂತ್ರದ ಚಿತ್ರ ಬಂತು, ಕರೆ ಬಂದರೆ ಗಂಟೆ ಬಾರಿಸುವ ಸದ್ದು ಬಂತು. ಆಮೇಲೆ ಮೊಬೈಲು ತನ್ನಷ್ಟಕ್ಕೆ ತಾನು ಒಂದು ವೈಫೈ ಹುಡುಕಿ ಹಿಡಿದುಕೊಂಡಿತು. ಕನ್ನಡಕದಂಗಡಿಯಾತ ಬಗ್ಗಿ ಓದಿದ.

“ದೃಷ್ಟಿ... ಇದು ನಮ್ಮಂಗಡಿ ವೈಫೈ!”

“ಹೌದಾ?” ಎಂದ ಜಿಪ್ಪಣ್ಣ.

“ಹೌದಾ ಏನು! ಪಾಸ್‌ವರ್ಡ್ ನಾನು ಯಾರಿಗೂ ಕೊಟ್ಟಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

ರಿಪೇರಿಯಾಕೆ ನಕ್ಕಳು. “ಬ್ಯಾಕಪ್‌ನಲ್ಲಿ ವೈಫೈ ಪಾಸ್‌ವರ್ಡೂ ಇರುತ್ತೆ ಸಾರ್. ಒಂದು ಸಲ ಒತ್ತಿದ್ರೆ ಸಾಕು, ಎಲ್ಲೇ ಹೋಗ್ಲಿ, ಜೊತೆಗೇ ಬರುತ್ತೆ.”

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. “ಕಣ್ಣು ಪರೀಕ್ಷೆಗೆ ಗೋಡೆ ಮೇಲೆ ಅಕ್ಷರದ ಬೋರ್ಡ್ ಹಾಕಿದೀರಲ್ಲ... ಅದರ ಕೊನೇ ಸಾಲು. ಸುಮ್ನೆ ಒತ್ತಿ ನೋಡ್ದೆ. ಆಯ್ತು.”

“ಕೊನೇ ಸಾಲು ಓದೋ ಅಷ್ಟು ಕಣ್ಣು ಚೆನ್ನಾಗಿದ್ರೆ ಕನ್ನಡಕ ಯಾಕೆ ತಗೊಂಡ್ರಿ?”

“ಕನ್ನಡಕ ಹಾಕ್ಕೊಂಡ ಮೇಲೇ ಓದಿದ್ದು. ತುಂಬಾ ಒಳ್ಳೇ ಕನ್ನಡಕ.”

ಆತ ಈ ಹೊಗಳಿಕೆಗೆ ಕರಗುವ ಹಂತದಲ್ಲಿದ್ದ. ಅಷ್ಟರಲ್ಲಿ ರಿಪೇರಿಯಾಕೆ, ಎಲ್ಲ ಸೆಟ್ಟಿಂಗೂ ಬಂದಿದೆಯೇ ಎಂದು ಒಂದೊಂದನ್ನೇ ತೆರೆದು ನೋಡುತ್ತಾ, ‘ತಡೆದ ನಂಬರುಗಳು’ ಎಂಬಲ್ಲಿಗೆ ಬಂದಳು. ಪಟ್ಟಿಯಲ್ಲಿ ಇದ್ದದ್ದು ಒಂದೇ ನಂಬರು. ಅದು ಯಾರದೆಂದು ಅವಳು ಓದಬೇಕಾಗಿರಲಿಲ್ಲ; ಕನ್ನಡಕದಂಗಡಿಯಾತನೇ ಓದಿಕೊಂಡ.

“ಅದಕ್ಕೇ! ಒಂದು ವರ್ಷದಿಂದ ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕಿ ಶುಭೋದಯ ಕಳಿಸ್ತಾ ಇದೀನಿ. ಒಂದಕ್ಕಾದ್ರೂ ಉತ್ತರ ಬೇಡ್ವಾ? ನನ್ನ ವೈಫೈ ಬೇಕು, ನನ್ನ ಶುಭೋದಯ ಬೇಡ!”

ಜಿಪ್ಪಣ್ಣನಿಗೆ ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ನಿಂತ ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿರುವಾಗಲೇ ಊಟದ ಬಿಡುವಿಗೆಂದು ಹೆಂಡತಿ ಇಳಿದು ಬಂದಳು. ಬಂದವಳು ರಿಪೇರಿಯಾಕೆಯ ಕೈಯಿಂದ ಮೊಬೈಲು ತೆಗೆದುಕೊಂಡಳು. ಅದರಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಪಟ್ಟಿ ತೆರೆದಿತ್ತು. ಮೇಲಿನಿಂದ ಕೆಳಗಿನವರೆಗೆ, ವಿದ್ಯುತ್ತಿನ ಬಿಲ್ಲಿಗೆ, ರೈಲಿನ ಟಿಕೆಟ್ಟಿಗೆ, ದಾರದ ಅಂಗಡಿಗೆ, ಎಲ್ಲದಕ್ಕೂ ಒಂದೇ ಪಾಸ್‌ವರ್ಡು.

“ಭುಜ ಹದಿನಾಲ್ಕು, ಸೊಂಟ ಇಪ್ಪತ್ತೆಂಟು, ತೋಳು ಇಪ್ಪತ್ತೊಂದು,” ಎಂದು ಅವಳು ನಿಧಾನವಾಗಿ ಓದಿದಳು. “ಇದು ಯಾರದ್ರೀ?”

ಕನ್ನಡಕದಂಗಡಿಯಾತ ತನ್ನ ಸಿಟ್ಟನ್ನು ಸ್ವಲ್ಪ ಹೊತ್ತು ಮುಂದಕ್ಕೆ ಹಾಕಿ ಕಿವಿಗೊಟ್ಟ.

“ನಿಂದೇ,” ಎಂದ ಜಿಪ್ಪಣ್ಣ, ನೆಲ ನೋಡುತ್ತಾ. “ಮದುವೆಗೆ ಮುಂಚೆ, ನಾನು ಕೆಲಸ ಕಲೀತಿದ್ದ ಅಂಗಡಿಗೆ ನೀನು ಅಳತೆ ಕೊಡೋಕೆ ಬಂದಿದ್ಯಲ್ಲ, ಅವತ್ತಿಂದು.”

“ಸೊಂಟ ಇಪ್ಪತ್ತೆಂಟು! ಹದಿನಾರು ವರ್ಷ ಆಯ್ತು. ಬದಲಾಯಿಸಬಾರದಾ?”

“ಬದಲಾಯಿಸಿದ್ರೆ ಮರೆತುಹೋಗುತ್ತೆ. ಇದು ಮರೆಯಲ್ಲ.”

ರಿಪೇರಿಯಾಕೆ ಬೇರೆ ಕಡೆ ನೋಡಿದಳು. ಹೆಂಡತಿ ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಅವಳಿಗೆ ಖುಷಿಯಾಗಿತ್ತು, ಅದನ್ನು ಅಷ್ಟು ಜನರ ಎದುರಿಗೆ ತೋರಿಸುವ ಹಾಗಿರಲಿಲ್ಲ. ಆ ಖುಷಿಯ ಬಲದಲ್ಲಿ ಜಿಪ್ಪಣ್ಣ ಧೈರ್ಯ ತಂದುಕೊಂಡು, ಬೆಳಿಗ್ಗೆಯಿಂದ ಕಾದಿದ್ದ ರೆಕಾರ್ಡಿಂಗಿನ ಜಾಗವನ್ನು ಒತ್ತಿದ.

ಖಾಲಿ.

“ಎಲ್ಲಾ ಬರುತ್ತೆ ಅಂದ್ರಲ್ಲ!”

“ಎಲ್ಲಾ ಅಂದ್ರೆ...” ರಿಪೇರಿಯಾಕೆಯ ನಗು ಮೊದಲ ಸಲ ಮಾಸಿತು. “ಸೆಟ್ಟಿಂಗು, ಪಾಸ್‌ವರ್ಡು, ನಂಬರು, ಮೆಸೇಜು, ಯಾರನ್ನ ತಡೆದಿದೀರ, ಎಷ್ಟೊತ್ತಿಗೆ ಏಳ್ತೀರ, ಇದೆಲ್ಲ ಉಳಿಯುತ್ತೆ ಜಿಪ್ಪಣ್ಣ. ರೆಕಾರ್ಡಿಂಗ್ ಈ ಬ್ಯಾಕಪ್‌ಗೆ ಸೇರಲ್ಲ. ಅದನ್ನ ನಾವೇ ಬೇರೆಯಾಗಿ ಹಾಕಿಡಬೇಕು. ರೆಕಾರ್ಡಿಂಗ್ ಬೇಕು ಅಂತ ನೀವು ನನಗೆ ಹೇಳಲೇ ಇಲ್ವಲ್ಲ?”

ಜಿಪ್ಪಣ್ಣ ಸ್ಟೂಲಿನ ಮೇಲೆ ಕುಸಿದು ಕೂತ. ಮುಚ್ಚಿಡಬೇಕು ಅಂದುಕೊಂಡದ್ದೆಲ್ಲ ಹೊರಗೆ ಬಂದಿತ್ತು, ಬೇಕಾದದ್ದೊಂದು ಬಂದಿರಲಿಲ್ಲ. ಇನ್ನು ಬಚ್ಚಿಟ್ಟು ಫಲವಿಲ್ಲವೆಂದು ಹೆಂಡತಿಗೆ ಎಲ್ಲವನ್ನೂ ಹೇಳಿದ: ಇಸ್ತ್ರಿ, ಬ್ಯಾಂಡ್ ಮಾಸ್ಟರು, ಐದು ಗಂಟೆ. ಪುಸ್ತಕದ ಮಾತಿಗೆ ಮೈಯೊಡ್ಡಿ ಕಾದ.

ಆದರೆ ಅವಳು ಬೈಯಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದಳು.

“ಬ್ಯಾಂಡ್ ಮಾಸ್ಟರ ಅಳತೆನಾ? ಅದು ನನ್ನ ಮೊಬೈಲಲ್ಲಿತ್ತಲ್ರೀ!”

“ಏನು?”

“ನಿನ್ನೆ ಸಂಜೆ ನೀವು ಸ್ನಾನಕ್ಕೆ ಹೋದಾಗ ಕೇಳಿದೆ. ಆ ನಗು ತಡೆಯೋಕಾಗ್ಲಿಲ್ಲ. ಬ್ಲೂಟೂತಲ್ಲಿ ನನ್ನದಕ್ಕೆ ಹಾಕ್ಕೊಂಡೆ. ಬೆಳಿಗ್ಗೆ ಕ್ಲಿನಿಕ್ಕಲ್ಲಿ ಎಲ್ಲರಿಗೂ ಕೇಳಿಸಿದೀನಿ. ಅಳತೆ ಬೇಕು ಅಂತ ಒಂದು ಮಾತು ಹೇಳಿದ್ರೆ ಅಲ್ಲೇ ಕೊಡ್ತಿದ್ದೆ!”

ಇಬ್ಬರೂ ಒಟ್ಟಿಗೆ ರಿಪೇರಿಯಾಕೆಯ ಮುಖ ನೋಡಿದರು. “ಪೂರ್ತಿ ಅಳಿಸಿದೆ,” ಎಂದಳು ಅವಳು, ಮೆಲ್ಲಗೆ. “ಮತ್ತೆ ಅದೂ ರೆಕಾರ್ಡಿಂಗೇ. ನಿಮ್ಮ ಬ್ಯಾಕಪ್‌ನಲ್ಲೂ ಇರಲ್ಲ.”

ಇಡೀ ಲೋಕದಲ್ಲಿ ಆ ಅಳತೆ ಉಳಿದಿದ್ದ ಒಂದೇ ಜಾಗವನ್ನು ಹುಡುಕಿ ಹುಡುಕಿ ಕೈಯಾರೆ ಒರೆಸಿ ಹಾಕಿದ್ದ ಜಿಪ್ಪಣ್ಣ. ಗಂಟೆ ಒಂದೂಮುಕ್ಕಾಲಾಗಿತ್ತು. ಹದಿನಾಲ್ಕು ವರ್ಷಕ್ಕೆ ಬಂದ ಒಂದು ಕೋಟು ಹೀಗೆ ಕೈತಪ್ಪಿ ಹೋಗುವುದನ್ನು ನೆನೆದು ಅವನು ಬಾಗಿದ ಮೊಬೈಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ. ಹೆಂಡತಿಗೆ ಅದು ಕಂಡಿತು.

“ಏಳಿ,” ಎಂದಳು. “ಎಷ್ಟು ಸಲ ಕೇಳಿದೀನಿ ಗೊತ್ತಾ ನಾನದನ್ನ? ನಡುವೆ ಕುದುರೆ ಹಾಗೆ ಕೆನೆದ್ರಲ್ಲ ಅವರು, ಆಗ ನೀವು ಹೇಳಿದ್ದು ‘ಸೊಂಟ ನಲವತ್ತೊಂದು’.”

ಜಿಪ್ಪಣ್ಣ ತಲೆಯೆತ್ತಿದ. “ಕೆನೆಯೋಕೆ ಮುಂಚೆ ‘ಅಯ್ಯೋ ಬೇಡ, ಅಯ್ಯೋ ಬೇಡ’ ಅಂದ್ರಲ್ಲ...”

“ಅದು ಎದೆ. ನಲವತ್ತಾರು. ಡಾಕ್ಟ್ರು ಅಲ್ಲೇ ನಕ್ಕು ಕೈಲಿದ್ದ ಇಕ್ಕಳ ಬೀಳಿಸಿದ್ದು, ನನಗೆ ಚೆನ್ನಾಗಿ ನೆನಪಿದೆ.”

ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹೇಳಿ ಅವಳು ಅಂಗಡಿಗೇ ಬಂದಳು. ಒಂದೊಂದು ನಗುವನ್ನೂ ನೆನಪಿಸಿಕೊಂಡು ಒಂದೊಂದು ಅಳತೆಯನ್ನು ಹೊರಗೆ ತೆಗೆದರು. ಜಿಪ್ಪಣ್ಣ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ತೋಳಿನ ಹತ್ತಿರ ಮಾತ್ರ ಜಗಳ ಬಂತು. ಅವಳು ಇಪ್ಪತ್ತನಾಲ್ಕು ಅಂದಳು, ಅವನು ಇಪ್ಪತ್ತೈದು ಅಂದ. ಕೊನೆಗೆ ಕಣ್ಣು ಮುಚ್ಚಿ, ಎದುರಿಗೆ ಬ್ಯಾಂಡ್ ಮಾಸ್ಟರು ಇದ್ದಾರೆಂಬಂತೆ ಎರಡೂ ಕೈಯಲ್ಲಿ ಗಾಳಿಯನ್ನು ಅಳೆದ. ಕೈಗೆ ನೆನಪಿತ್ತು. “ಇಪ್ಪತ್ತೈದು,” ಎಂದು ಕತ್ತರಿ ಹಾಕಿದ.

ಕನ್ನಡಕದಂಗಡಿಯಾತ ಮುನಿಸಿಕೊಂಡೇ ಬಂದು, ಮುನಿಸಿಕೊಂಡೇ ಬಟ್ಟೆಯ ಇನ್ನೊಂದು ತುದಿ ಹಿಡಿದು ನಿಂತ. “ನಾಳೆಯಿಂದ ನನ್ನ ಶುಭೋದಯಕ್ಕೆ ಉತ್ತರ ಬರಬೇಕು,” ಎಂದು ಷರತ್ತು ಹಾಕಿದ. “ಹೂವಿನ ಚಿತ್ರದ ಜೊತೆ ಕಳಿಸ್ತೀನಿ,” ಎಂದ ಜಿಪ್ಪಣ್ಣ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ರಿಪೇರಿಯಾಕೆ ಹೆಂಡತಿಯ ಮೊಬೈಲನ್ನು ಮೊದಲಿನಂತೆ ಮಾಡಿ ತಂದುಕೊಟ್ಟಳು. ಜಿಪ್ಪಣ್ಣನಿಗೂ ಒಂದು ಹಳೆಯ ಮೊಬೈಲು ಹೊಂದಿಸಿ ಕೊಟ್ಟಳು. ಐದಕ್ಕೆ ಹತ್ತು ನಿಮಿಷ ಇರುವಾಗ ಕಚ್ಚಾ ಹೊಲಿಗೆ ಮುಗಿದು, ಕೋಟು ಹ್ಯಾಂಗರಿನಲ್ಲಿ ನೇತಾಡುತ್ತಿತ್ತು. ನೋಡಿದರೆ ಯಾರೂ ಅದನ್ನು ಜಿಪ್ಪು ಹಾಕುವವನ ಕೆಲಸ ಅನ್ನುತ್ತಿರಲಿಲ್ಲ.

ಬ್ಯಾಂಡ್ ಮಾಸ್ಟರು ಬಗಲಲ್ಲಿ ತುತ್ತೂರಿ ಇಟ್ಟುಕೊಂಡು ಬಂದರು. ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಭುಜ ಸರಿ, ತೋಳು ಸರಿ, ಎದೆ ಮಾತ್ರ ಗೋಣಿಚೀಲದ ಹಾಗೆ ಜೋತುಬಿದ್ದಿತ್ತು. ಅಳತೆ ತೆಗೆಯುವಾಗ ಕಚಗುಳಿ ತಡೆಯಲು ಅವರು ಉಸಿರು ಬಿಗಿಹಿಡಿದಿದ್ದರಲ್ಲ. ಜಿಪ್ಪಣ್ಣ ಅಳೆದದ್ದು ಆ ಉಬ್ಬಿದ ಎದೆಯನ್ನು. ಬೆಳಿಗ್ಗೆಯಿಂದ ಹುಡುಕಿದ್ದ ಅಳತೆಯೇ ತಪ್ಪು.

“ಸ್ವಲ್ಪ ಸಡಿಲ ಆಯ್ತಲ್ಲ,” ಎಂದರು ಬ್ಯಾಂಡ್ ಮಾಸ್ಟರು. ಹೆಂಡತಿ ಜಿಪ್ಪಣ್ಣನ ಬೆನ್ನ ಮೇಲೆ ಕೈಯಿಟ್ಟಳು. ಅವರು ಏನೋ ಯೋಚಿಸಿ, ಗುಂಡಿ ಹಾಕುವಲ್ಲಿ ಪಿನ್ನು ಚುಚ್ಚಿಸಿಕೊಂಡು, ತುತ್ತೂರಿ ಎತ್ತಿ, ಎದೆ ತುಂಬ ಉಸಿರೆಳೆದು ಊದಿದರು. ಕೋಟು ಅವರ ಮೈಗೆ ಎರಕ ಹೊಯ್ದಂತೆ ಕೂತಿತು. ಒಂದು ಸುಕ್ಕಿಲ್ಲ, ಒಂದು ಎಳೆತವಿಲ್ಲ. ಇನ್ನೊಂದು ಸಲ ಊದಿದರು, ಇನ್ನೂ ಗಟ್ಟಿಯಾಗಿ. ಬೀದಿಯಲ್ಲಿ ಜನ ನಿಂತರು.

“ಇಪ್ಪತ್ತು ವರ್ಷದಲ್ಲಿ ಊದೋವಾಗ ಗುಂಡಿ ಹಾರದ ಮೊದಲನೇ ಕೋಟು ಇದು!” ಬ್ಯಾಂಡ್ ಮಾಸ್ಟರ ಮೀಸೆ ನಡುಗಿತು. “ಬೇರೆ ಟೈಲರ್‌ಗಳೆಲ್ಲ ಸುಮ್ಮನೆ ನಿಂತಿರೋ ಮನುಷ್ಯನಿಗೆ ಹೊಲಿದ್ರು. ಊದೋ ಮನುಷ್ಯನಿಗೆ ಹೊಲಿದಿದ್ದು ನೀವೊಬ್ರೇ, ಮಾಸ್ಟರ್.”

ಜಿಪ್ಪಣ್ಣನನ್ನು ಯಾರೂ ಅದುವರೆಗೆ ಮಾಸ್ಟರ್ ಎಂದಿರಲಿಲ್ಲ. ಕಣ್ಣು ಮಂಜಾಯಿತು. ಕನ್ನಡಕದಂಗಡಿಯಾತ ತನ್ನ ಕೆಲಸದ ಅಭ್ಯಾಸಬಲದಿಂದ ಒಂದು ಬಟ್ಟೆಚೂರು ಕೊಟ್ಟು, “ಕನ್ನಡಕ ಒರೆಸ್ಕೊಳ್ಳಿ,” ಎಂದ.

“ಇಡೀ ಬ್ಯಾಂಡಿನ ಕೆಲಸ ನಿಮಗೇ,” ಎಂದರು ಬ್ಯಾಂಡ್ ಮಾಸ್ಟರು. “ಸೋಮವಾರ ಬೆಳಿಗ್ಗೆ ಕಾರ್ಯಕ್ರಮ, ಅಷ್ಟರಲ್ಲಿ ಆಗಬೇಕು.”

“ಹಗಲೂ ರಾತ್ರಿ ಕೂತು ಹೊಲೀತೀನಿ ಸಾರ್. ಅಳತೆಗೆ ನಾಳೆ ಎಷ್ಟೊತ್ತಿಗೆ ಬರಲಿ?”

“ಅದೆಲ್ಲ ಆಗಿಹೋಗಿದೆ!” ಅವರು ಹೆಮ್ಮೆಯಿಂದ ನಕ್ಕರು. “ನಿಮ್ಮ ಪದ್ಧತಿ ನನಗೆ ಬಹಳ ಹಿಡಿಸ್ತು. ಇವತ್ತು ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಾನೇ ಟೇಪು ಹಿಡಿದು, ಮೊಬೈಲಿಗೆ ಗಟ್ಟಿಯಾಗಿ ಹೇಳಿ ರೆಕಾರ್ಡ್ ಮಾಡಿ, ಒಂಬತ್ತು ಗಂಟೆಗೆ ನಿಮಗೆ ಕಳಿಸಿದೆ. ತಲುಪಿದೆ ಅಂತ ತೋರಿಸ್ತು.”

ಮೊಬೈಲಿಗೆ ಇಸ್ತ್ರಿ ಬಿದ್ದದ್ದು ಒಂಬತ್ತೂಕಾಲಿಗೆ. “ನಿಮ್ಮ ಹತ್ರ... ಇನ್ನೂ ಇರಬೇಕಲ್ಲ ಸಾರ್?” ಎಂದ ಜಿಪ್ಪಣ್ಣ.

“ಛೆ ಛೆ, ತಕ್ಷಣ ಅಳಿಸಿಬಿಟ್ಟೆ. ನಮ್ಮ ಹುಡುಗರದೂ ನನ್ನ ಹಾಗೇ ಕಚಗುಳಿ ಮೈ. ಬೆಂಕಿಯೊಳಗೆ ನುಗ್ಗೋ ಗಂಡಸರು ಹಾಗೆ ನಗೋದನ್ನ ಬೇರೆ ಯಾರಾದ್ರೂ ಕೇಳಿಸ್ಕೊಂಡ್ರೆ ದಳದ ಮರ್ಯಾದೆ ಏನಾಗಬೇಕು? ಎಲ್ಲರೂ ಮಧ್ಯಾಹ್ನವೇ ತರಬೇತಿಗೆ ಹೊರಟ್ರು. ಭಾನುವಾರ ಸಂಜೆಗೆ ವಾಪಸ್.” ಕೋಟು ಬಿಚ್ಚಿ ಕೊಟ್ಟು, ತುತ್ತೂರಿ ಬಗಲಿಗೇರಿಸಿ, ಜಿಪ್ಪಣ್ಣನ ಕೈ ಕುಲುಕಿ ಅವರು ಹೊರಟುಹೋದರು.

ಹೆಂಡತಿ ಒದ್ದೆ ಬಟ್ಟೆಯಿಂದ ಮೇಜಿನ ಮೇಲಿನ ಸೀಮೆಸುಣ್ಣ ಒರೆಸಿದಳು.

“ತರಬೇತಿ ಎಲ್ಲಿ ನಡೀತಿದೆ ಅಂತ ವಿಚಾರಿಸೋಣ. ನಾವೇ ಹೋಗೋಣ. ಬೇಕಾದ್ರೆ ನಾನೇ ಕೈಕಾಲು ಹಿಡ್ಕೋತೀನಿ, ನೀವು ಅಳೀರಿ,” ಎಂದಳು. “ಬ್ಯಾಂಡಲ್ಲಿ ಒಟ್ಟು ಎಷ್ಟು ಜನ?”

“ಇಪ್ಪತ್ತೆರಡು.”

“ಒಂದು ಆಯ್ತಲ್ಲ. ಇನ್ನು ಇಪ್ಪತ್ತೊಂದು ತಾನೇ?”

ಜಿಪ್ಪಣ್ಣ ಟೇಪನ್ನು ಕುತ್ತಿಗೆಗೆ ಹಾಕಿಕೊಂಡ. “ಇಲ್ಲ,” ಎಂದ. “ಮಾಸ್ಟರನ್ನ ಬಿಟ್ಟು ಇಪ್ಪತ್ತೆರಡು.”